ಹಿಂದಿನ ಗೇರ್ ಸರಿಯಾಗಿ ಬೀಳುತ್ತಿಲ್ಲ, ವೈರ್ ಬದಲಿಸಿದರೂ ಹಾಗೇ ಇದೆ

ಶರಾವತಿ ಸವಾರ, ಸಾಗರ

ಎಲ್ಲರಿಗೂ ನಮಸ್ಕಾರ. ನನ್ನದು ಮುಂದೆ 3, ಹಿಂದೆ 9 ಗೇರಿನ ಮೌಂಟೇನ್ ಬೈಕ್. ಅಲ್ಯುಮಿನಿಯಂ ಫ್ರೇಮ್, ಕ್ವಿಕ್ ರಿಲೀಸ್ (ಲಿವರ್ ಸಡಿಲಿಸಿ ಬಿಚ್ಚುವ) ಚಕ್ರ, ಮುಂದೆ ಮಾತ್ರ ಸಸ್ಪೆನ್ಷನ್. ಹಿಂದಿನ ಡಿರೇಲರ್ (ಚೈನನ್ನು ಒಂದು ಗೇರಿನಿಂದ ಇನ್ನೊಂದಕ್ಕೆ ಸರಿಸುವ ಭಾಗ) ಶಿಮಾನೊ ಅಲಿವಿಯೊ, ಕ್ಯಾಸೆಟ್ (ಹಿಂದಿನ ಹಲ್ಲುಚಕ್ರಗಳ, ಅಂದರೆ ಸ್ಪ್ರಾಕೆಟ್‌ಗಳ ಗೊಂಚಲು) 11-34 ಹಲ್ಲಿನದು.

ಬೆಂಗಳೂರಿನಲ್ಲಿ ಇದ್ದಾಗ ಗೇರ್ ಬಗ್ಗೆ ಯೋಚಿಸುವ ಪ್ರಮೇಯವೇ ಬಂದಿರಲಿಲ್ಲ. ಊರಿಗೆ ಬರುವಾಗ ಸೈಕಲ್ಲನ್ನು ಬಸ್ಸಿನ ಡಿಕ್ಕಿಯಲ್ಲಿ ಮಲಗಿಸಿ ತಂದೆ. ಆಮೇಲೆ ಮಳೆಗಾಲ ಪೂರ್ತಿ ಹೊನ್ನೆಮರಡು ಕಡೆಯ ಕಾಡುದಾರಿಯಲ್ಲಿ ಓಡಿಸಿದ್ದೇನೆ. ಈಗ ಆಗುತ್ತಿರುವುದು ಹೀಗೆ. ದೊಡ್ಡ ಸ್ಪ್ರಾಕೆಟ್ ಕಡೆಗೆ ಚೈನ್ ಹತ್ತುತ್ತದೆ. ಚಿಕ್ಕದರ ಕಡೆಗೆ ಇಳಿಸಿದರೆ ಶಿಫ್ಟರ್ ಕ್ಲಿಕ್ ಎನ್ನುತ್ತದೆ, ಚೈನ್ ಮಾತ್ರ ಅಲ್ಲೇ ಕೂತಿರುತ್ತದೆ. ಗುಂಡಿಯಲ್ಲಿ ಚಕ್ರ ಕುಲುಕಿದಾಗ ಒಮ್ಮೆಲೇ ಇಳಿಯುತ್ತದೆ, ಕೆಲವು ಸಲ ಎರಡು ಗೇರ್ ಒಟ್ಟಿಗೆ. ಬ್ಯಾರೆಲ್ (ಕೇಬಲ್ಲಿನ ಬಿಗಿ ಹೊಂದಿಸುವ ತಿರುಪು) ತಿರುಗಿಸಿ ಚಿಕ್ಕ ಸ್ಪ್ರಾಕೆಟ್‌ಗಳಿಗೆ ಸರಿ ಮಾಡಿದರೆ ದೊಡ್ಡವುಗಳಲ್ಲಿ ಕಟಕಟ ಸದ್ದು ಬರುತ್ತದೆ. ದೊಡ್ಡವಕ್ಕೆ ಸರಿ ಮಾಡಿದರೆ ಚಿಕ್ಕವು ಕೆಡುತ್ತವೆ.

ಒಂದು ಅಂಗಡಿಗೆ ಕೊಟ್ಟಿದ್ದೆ. ಒಳಗಿನ ವೈರ್ ಹೊಸದು ಹಾಕಿದರು, ವೈರ್ ಓಡಾಡುವ ಹೊರಗಿನ ಕೊಳವೆ, ಅಂದರೆ ಔಟರ್, ಹಳೆಯದೇ ಉಳಿಯಿತು. ಡಿರೇಲರ್‌ನ ಸ್ಕ್ರೂಗಳನ್ನೆಲ್ಲ ತಿರುಗಿಸಿ ನೋಡಿದರು. ಆಮೇಲೆ ಏರಿನಲ್ಲಿ ಅತಿ ದೊಡ್ಡ ಸ್ಪ್ರಾಕೆಟ್‌ಗೆ ಹಾಕಿದಾಗ ಚೈನ್ ಅದನ್ನೂ ದಾಟಿ ಸ್ಪೋಕ್‌ಗಳ ಮೇಲೆ ಬಿತ್ತು. ಈಗ ಡಿರೇಲರ್ ಹೋಗಿದೆ, ಹೊಸದು ಹಾಕಿಸಿ ಎನ್ನುತ್ತಿದ್ದಾರೆ. ನಿಜವಾಗಿಯೂ ಹೋಗಿದೆಯಾ? ಮನೆಯಲ್ಲೇ ಪರೀಕ್ಷೆ ಮಾಡುವುದು ಹೇಗೆ? ಗೊತ್ತಿದ್ದವರು ದಯವಿಟ್ಟು ಹೇಳಿ.

ತುರಹಳ್ಳಿ ಟ್ರೈಲ್, ಬೆಂಗಳೂರು

ಮೊದಲು ಒಂದು ಮಾತು. ಸರಿಯಾಗುವವರೆಗೆ ಅತಿ ದೊಡ್ಡ ಸ್ಪ್ರಾಕೆಟ್ ಮುಟ್ಟಲೇಬೇಡಿ. ಚೈನ್ ದಾಟಿದ್ದಕ್ಕೇ ಬಿಟ್ಟಿದೆ, ಪುಣ್ಯ. ಡಿರೇಲರ್‌ನ ಕೇಜ್ (ಚೈನ್ ಹಾಯುವ ಎರಡು ಸಣ್ಣ ಪುಲ್ಲಿಗಳನ್ನು ಹಿಡಿದಿರುವ ಚೌಕಟ್ಟು) ಸ್ಪೋಕ್‌ಗೆ ಸಿಕ್ಕಿಕೊಂಡರೆ ಚಕ್ರ ಆ ಕ್ಷಣವೇ ಹಿಡಿದುಕೊಳ್ಳುತ್ತದೆ. ಡಿರೇಲರ್, ಅದು ನೇತಾಡುವ ಹ್ಯಾಂಗರ್, ಸ್ಪೋಕ್ ಎಲ್ಲವೂ ಒಟ್ಟಿಗೆ ಹೋಗುತ್ತವೆ. ಇಳಿಜಾರಿನಲ್ಲಿ ಹಾಗಾದರೆ ನೀವೂ ಬೀಳುತ್ತೀರಿ.

ಇನ್ನೊಂದು ಸುಲಭದ ಪರೀಕ್ಷೆ. ಹಿಂದಿನ ಕ್ವಿಕ್ ರಿಲೀಸ್ ಸಡಿಲ ಮಾಡಿ, ಸೈಕಲ್ ನೆಲದ ಮೇಲೆ ನಿಂತಿರುವಾಗಲೇ ಚಕ್ರವನ್ನು ಡ್ರಾಪ್‌ಔಟ್ (ಆಕ್ಸಲ್ ಕೂರುವ ಫ್ರೇಮಿನ ಸೀಳು) ಒಳಗೆ ಪೂರ್ತಿ ಕೂರಿಸಿ ಮತ್ತೆ ಬಿಗಿ ಮಾಡಿ. ಬಸ್ಸಿನಲ್ಲಿ ತರುವಾಗ ಚಕ್ರ ಬಿಚ್ಚಿದ್ದರೆ ಆಕ್ಸಲ್ ಸ್ವಲ್ಪ ಓರೆಯಾಗಿ ಕೂತಿರಬಹುದು. ಚಕ್ರ ಓರೆಯಾದರೆ ಕ್ಯಾಸೆಟ್ಟೂ ಓರೆ. ಆಗ ಯಾವ ಸ್ಕ್ರೂ ತಿರುಗಿಸಿದರೂ ಪ್ರಯೋಜನ ಇಲ್ಲ.

ಹಳೇಚೈನ್, ಮೈಸೂರು

ಹೊಸ ಡಿರೇಲರ್ ಮಾತು ಸದ್ಯಕ್ಕೆ ಬಿಡಿ. ನೀವು ತುಂಬಾ ಚೆನ್ನಾಗಿ ವಿವರಿಸಿದ್ದೀರಿ. ಅದರಲ್ಲೇ ಎರಡು ಬೇರೆ ಬೇರೆ ತೊಂದರೆಗಳು ಕಾಣುತ್ತಿವೆ. ಎರಡೂ ಡಿರೇಲರ್‌ನಲ್ಲಿ ಇರುವಂತೆ ನನಗೆ ಅನ್ನಿಸುತ್ತಿಲ್ಲ.

ಚೈನನ್ನು ದೊಡ್ಡ ಸ್ಪ್ರಾಕೆಟ್ ಕಡೆಗೆ ಹತ್ತಿಸುವಾಗ ಕೇಬಲ್ ಎಳೆಯುವುದು ನಿಮ್ಮ ಹೆಬ್ಬೆರಳು. ಅದಕ್ಕೆ ಬಲ ಜಾಸ್ತಿ. ಚಿಕ್ಕದರ ಕಡೆಗೆ ಇಳಿಸುವಾಗ ಶಿಫ್ಟರ್ ಕೇಬಲ್ಲನ್ನು ಸುಮ್ನೆ ಬಿಡುತ್ತದೆ ಅಷ್ಟೇ. ಆಗ ಎಳೆಯುವ ಕೆಲಸ ಡಿರೇಲರ್ ಒಳಗಿನ ಸ್ಪ್ರಿಂಗ್‌ನದು. ಔಟರ್ ಒಳಗೆ ತುಕ್ಕೋ ಮಣ್ಣೋ ತುಂಬಿದ್ದರೆ ಬೆರಳಿನ ಬಲಕ್ಕೆ ಕೇಬಲ್ ಜರುಗುತ್ತದೆ, ಸ್ಪ್ರಿಂಗ್ ಬಲಕ್ಕೆ ಜರುಗುವುದಿಲ್ಲ. ಹತ್ತುವುದು ಸಲೀಸು, ಇಳಿಯುವುದು ತಡ, ಗುಂಡಿಯಲ್ಲಿ ಕುಲುಕಿದರೆ ಇಳಿಯುತ್ತದೆ ಎಂದರೆ ಅದು ಬಹುಮಟ್ಟಿಗೆ ಕೇಬಲ್ ಬಿಗಿ. ಉಲ್ಟಾ ಇದ್ದರೆ, ಅಂದರೆ ಇಳಿಯುವುದು ಸಲೀಸು, ಹತ್ತುವುದು ತಡ ಎಂದರೆ, ಕೇಬಲ್ ಸಡಿಲ ಇದೆ ಎಂದರ್ಥ. ಅದನ್ನು ಬ್ಯಾರೆಲ್ ತಿರುಗಿಸಿಯೇ ಸರಿ ಮಾಡಬಹುದು.

ಎರಡನೆಯದು ನೀವು ಹೇಳಿದ ಆ ತುದಿ ಈ ತುದಿ ಕಥೆ. ಬ್ಯಾರೆಲ್ ಅಡ್ಜಸ್ಟರ್ ಡಿರೇಲರನ್ನು ಎಲ್ಲ ಗೇರ್‌ಗಳಲ್ಲೂ ಒಂದೇ ಅಳತೆಯಲ್ಲಿ ಆ ಕಡೆ ಈ ಕಡೆ ಸರಿಸುತ್ತದೆ. ಒಂದು ತುದಿ ಸರಿಯಾದಾಗ ಇನ್ನೊಂದು ಕೆಡುತ್ತದೆ ಎಂದರೆ ಡಿರೇಲರ್ ನಿಂತಿರುವ ಕೋನವೇ ತಪ್ಪಿದೆ. ಹ್ಯಾಂಗರ್ ಬಾಗಿರಬೇಕು. ಬಸ್ಸಿನ ಡಿಕ್ಕಿ ಎಂದು ಓದಿದ ತಕ್ಷಣ ನನ್ನ ಅನುಮಾನ ಅಲ್ಲಿಗೇ ಹೋಯಿತು. ಹ್ಯಾಂಗರ್ ಎಂದರೆ ಫ್ರೇಮಿಗೂ ಡಿರೇಲರ್‌ಗೂ ನಡುವೆ ಇರುವ ಅಲ್ಯುಮಿನಿಯಂ ತುಂಡು. ಪೆಟ್ಟು ಬಿದ್ದರೆ ಫ್ರೇಮ್ ಉಳಿಯಲಿ, ತಾನು ಬಾಗಲಿ ಎಂದೇ ಅದನ್ನು ಮೆದು ಮಾಡಿರುತ್ತಾರೆ. ಬಲಗಡೆ ಮಗ್ಗುಲಿಗೆ ಮಲಗಿಸಿ ಮೇಲೆ ಒಂದೆರಡು ಸೂಟ್‌ಕೇಸ್ ಬಿದ್ದರೂ ಸಾಕು.

9 ಗೇರಿನ ಕ್ಯಾಸೆಟ್‌ನಲ್ಲಿ ಒಂದು ಸ್ಪ್ರಾಕೆಟ್‌ನಿಂದ ಪಕ್ಕದ್ದಕ್ಕೆ ಇರುವ ದೂರ ಸುಮಾರು 4.35 ಮಿ.ಮೀ. ಅಷ್ಟೇ. ಅದರಲ್ಲಿ ಒಂದು ಮಿಲಿಮೀಟರ್ ತಪ್ಪಿದರೂ ಚೈನ್ ಪಕ್ಕದ ಹಲ್ಲಿಗೆ ಉಜ್ಜಲು ಶುರು ಮಾಡುತ್ತದೆ.

ಈಗ ಪರೀಕ್ಷೆ. ಸೈಕಲ್ಲನ್ನು ಹಿಂದಿನ ಚಕ್ರ ತಿರುಗುವಂತೆ ಎತ್ತಿ ನಿಲ್ಲಿಸಿ. ಫ್ರೇಮಿನ ಮೇಲೆ ಔಟರ್ ಇಲ್ಲದೆ ಬರೀ ವೈರ್ ಕಾಣುವ ಜಾಗ ಇದೆಯಾ ನೋಡಿ. ಇದ್ದರೆ ಶಿಫ್ಟರನ್ನು ಅತಿ ಚಿಕ್ಕ ಸ್ಪ್ರಾಕೆಟ್‌ನಲ್ಲೇ ಬಿಟ್ಟು, ಪೆಡಲ್ ತಿರುಗಿಸುತ್ತಾ ಆ ವೈರನ್ನು ಬೆರಳಿನಿಂದ ಫ್ರೇಮಿನಿಂದ ಆಚೆಗೆ ಎಳೆಯಿರಿ. ಚೈನ್ ಮೇಲಕ್ಕೆ ಹತ್ತುತ್ತದೆ. ಬಿಟ್ಟು ನೋಡಿ. ಪಟ್ಟನೆ ಕೆಳಗೆ ಬೀಳಬೇಕು. ನಿಧಾನವಾಗಿ ಬಿದ್ದರೆ ತೊಂದರೆ ಇರುವುದು ನಿಮ್ಮ ಕೈಯಿಂದ ಹಿಂದಕ್ಕೆ, ಅಂದರೆ ಕೊನೆಯ ಔಟರ್ ತುಂಡಿನಲ್ಲಿ ಅಥವಾ ಡಿರೇಲರ್ ಕೀಲಿನಲ್ಲಿ. ಪಟ್ಟನೆ ಬಿದ್ದರೆ ಹಿಂಭಾಗ ಸರಿ ಇದೆ, ಹ್ಯಾಂಡಲ್ ಕಡೆಯ ಔಟರ್ ಮತ್ತು ಶಿಫ್ಟರ್ ನೋಡಬೇಕು.

ಆಮೇಲೆ ಸೈಕಲ್ ಹಿಂದೆ ಕೂತು ಕಣ್ಣನ್ನು ಕ್ಯಾಸೆಟ್ ಮಟ್ಟಕ್ಕೆ ತನ್ನಿ. ಡಿರೇಲರ್‌ನ ಮೇಲಿನ ಪುಲ್ಲಿ, ಕೆಳಗಿನ ಪುಲ್ಲಿ ಎರಡೂ ಸ್ಪ್ರಾಕೆಟ್ ಇರುವ ನೇರದಲ್ಲೇ ಇವೆಯಾ? ಕೆಳಗಿನದು ಸ್ಪೋಕ್ ಕಡೆಗೆ ವಾಲಿದ್ದರೆ ಹ್ಯಾಂಗರ್ ಒಳಕ್ಕೆ ಬಾಗಿದೆ. ನೋಡಿ ಬರೆಯಿರಿ.

ಕೆಂಪುಮಣ್ಣು, ಸಕಲೇಶಪುರ

ಹಳೇಚೈನ್ ಸರ್ ಹೇಳಿದ್ದಕ್ಕೆ ನನ್ನದೂ ಒಂದು ಸೇರಿಸುತ್ತೇನೆ. ಮಲೆನಾಡಿನ ಮಳೆಗಾಲದಲ್ಲಿ ಮೊದಲು ಸಾಯುವುದು ಆ ಕೊನೆಯ ಔಟರ್ ತುಂಡೇ. ಡಿರೇಲರ್ ಹತ್ತಿರ ಬಾಗಿ ಬರುತ್ತದಲ್ಲ, ಅದು. ಹಿಂದಿನ ಟೈರ್ ಎರಚುವ ಕೆಸರೆಲ್ಲ ಅದರ ಮೇಲೇ. ನೀರು ವೈರ್ ಗುಂಟ ಇಳಿದು ಆ ಬಾಗಿನಲ್ಲಿ ನಿಲ್ಲುತ್ತದೆ. ಒಳಗಿನ ವೈರ್ ಎಷ್ಟೇ ಹೊಸದಾಗಿದ್ದರೂ ಔಟರ್ ಹಳೆಯದಾಗಿದ್ದರೆ ಹೊಸ ವೈರ್ ಹಳೇ ತುಕ್ಕಿನ ಮೇಲೇ ಓಡಾಡಬೇಕು.

ಯಾವ ಉಪಕರಣವೂ ಇಲ್ಲದೆ ಅದನ್ನು ಬಿಚ್ಚಿ ನೋಡುವ ಉಪಾಯ ಇದೆ. ಕೈಯಿಂದಲೇ ಪೆಡಲ್ ತಿರುಗಿಸಿ, ಚೈನ್ ದಾಟದಂತೆ ನೋಡಿಕೊಂಡು, ದೊಡ್ಡ ಸ್ಪ್ರಾಕೆಟ್‌ಗೆ ತನ್ನಿ. ಪೆಡಲ್ ನಿಲ್ಲಿಸಿ. ಈಗ ಪೆಡಲ್ ತಿರುಗಿಸದೆ ಶಿಫ್ಟರನ್ನು ಮಾತ್ರ ಚಿಕ್ಕ ಗೇರಿನವರೆಗೆ ಕ್ಲಿಕ್ ಮಾಡುತ್ತಾ ಬನ್ನಿ. ಚೈನ್ ಅಲ್ಲೇ ಇರುತ್ತದೆ, ವೈರ್ ಸಡಿಲವಾಗುತ್ತದೆ. ಫ್ರೇಮಿನ ಮೇಲಿನ ಸ್ಟಾಪ್‌ಗಳಲ್ಲಿ ಸೀಳು ಇದ್ದರೆ ಔಟರ್ ತುಂಡುಗಳು ಕೈಗೆ ಬರುತ್ತವೆ. ಅವನ್ನು ವೈರ್ ಮೇಲೆ ಆಚೆ ಈಚೆ ಜಾರಿಸಿ ನೋಡಿ. ಗರಗರ ಎಂದರೆ, ವೈರ್ ಮೇಲೆ ಕಂದು ಬಣ್ಣ ಕಂಡರೆ, ಔಟರ್ ಮುಗಿಯಿತು ಎಂದೇ ಲೆಕ್ಕ.

ಶರಾವತಿ ಸವಾರ, ಸಾಗರ

ಎಲ್ಲ ನೋಡಿದೆ. ಚಕ್ರ ಸರಿಯಾಗೇ ಕೂತಿದೆ. ವೈರ್ ಎಳೆದು ಬಿಟ್ಟರೆ ಚೈನ್ ತೂಕಡಿಸುತ್ತಾ ಇಳಿಯುತ್ತದೆ. ಕೆಂಪುಮಣ್ಣು ಅಕ್ಕ ಹೇಳಿದ ಹಾಗೆ ಕೊನೆಯ ತುಂಡನ್ನು ಜಾರಿಸಿದರೆ ಮರಳು ಉಜ್ಜಿದ ಸದ್ದು, ತುದಿಯಿಂದ ಕೆಂಪು ನೀರು ಬಂತು. ಆ ತುಂಡಿನಿಂದ ವೈರ್ ಹೊರಗೆ ತೆಗೆದು ಡಿರೇಲರನ್ನು ಕೈಯಲ್ಲಿ ಒಳಕ್ಕೆ ತಳ್ಳಿ ಬಿಟ್ಟರೆ ಪಟ್ಟನೆ ವಾಪಸ್ ಬರುತ್ತದೆ. ಹಾಗಾದರೆ ಸ್ಪ್ರಿಂಗ್ ಸರಿ ಇದೆ ಅಲ್ವಾ?

ಹಿಂದಿನಿಂದ ನೋಡಿದರೆ ಕೆಳಗಿನ ಪುಲ್ಲಿ ಸ್ಪೋಕ್ ಕಡೆಗೆ ವಾಲಿರುವುದು ಸ್ಪಷ್ಟವಾಗಿ ಕಾಣುತ್ತದೆ. ಫೋಟೋ ತೆಗೆದು ದೊಡ್ಡದು ಮಾಡಿ ನೋಡಿದಾಗ ಅನುಮಾನವೇ ಉಳಿಯಲಿಲ್ಲ. ಇಲ್ಲಿ ಹ್ಯಾಂಗರ್ ನೇರ ಮಾಡುವ ಸಾಧನ ಯಾರ ಹತ್ತಿರವೂ ಇಲ್ಲ. ಏನು ಮಾಡಲಿ?

ಹಳೇಚೈನ್, ಮೈಸೂರು

ಸ್ಪ್ರಿಂಗ್ ಸರಿ ಇದೆ, ಡಿರೇಲರ್ ಸರಿ ಇದೆ. ದುಡ್ಡು ಉಳಿಯಿತು.

ಅಂಗಡಿಗಳಲ್ಲಿ ಹ್ಯಾಂಗರ್ ಅಳೆಯಲು ಒಂದು ಉದ್ದ ತೋಳಿನ ಗೇಜ್ ಇರುತ್ತದೆ. ಡಿರೇಲರ್ ಬಿಚ್ಚಿ ಆ ಜಾಗಕ್ಕೆ ಅದನ್ನು ತಿರುಚಿ ಹಾಕುತ್ತಾರೆ. ತೋಳಿನ ತುದಿಯಿಂದ ರಿಮ್‌ಗೆ ಇರುವ ಅಂತರವನ್ನು ಮೇಲೆ, ಕೆಳಗೆ, ಮುಂದೆ, ಹಿಂದೆ ನಾಲ್ಕೂ ಕಡೆ ನೋಡುತ್ತಾರೆ. ನಾಲ್ಕರಲ್ಲಿ ವ್ಯತ್ಯಾಸ 4 ಮಿ.ಮೀ. ಒಳಗೆ ಬರುವವರೆಗೆ ಅದೇ ತೋಳಿನಿಂದ ಸ್ವಲ್ಪ ಸ್ವಲ್ಪ ಬಗ್ಗಿಸುತ್ತಾರೆ.

ಅದು ಸಿಗದ ಊರಿನಲ್ಲಿ ಇನ್ನೊಂದು ಹಿಂದಿನ ಚಕ್ರ ಸಾಕು. ಹ್ಯಾಂಗರ್‌ನ ತೂತಿನ ಥ್ರೆಡ್ 10 ಮಿ.ಮೀ. ದಪ್ಪ, 1 ಮಿ.ಮೀ. ಪಿಚ್ (ಒಂದು ಸುತ್ತಿನಿಂದ ಇನ್ನೊಂದಕ್ಕೆ ಇರುವ ದೂರ). ಕ್ವಿಕ್ ರಿಲೀಸ್ ಇರುವ ಹಿಂದಿನ ಚಕ್ರದ ಆಕ್ಸಲ್ ಥ್ರೆಡ್ ಕೂಡ ಸಾಮಾನ್ಯವಾಗಿ ಅದೇ. ಮುಂದಿನ ಚಕ್ರದ್ದು ಆಗುವುದಿಲ್ಲ, ಅದು 9 ಮಿ.ಮೀ. ಗೆಳೆಯರ ಸೈಕಲ್ಲಿನಿಂದ ಒಂದು ಹಿಂದಿನ ಚಕ್ರ ಇಸಿದುಕೊಳ್ಳಿ. ಅದರ ಕ್ವಿಕ್ ರಿಲೀಸ್ ಕಡ್ಡಿಯನ್ನು ಪೂರ್ತಿ ಹೊರಗೆ ಎಳೆಯಿರಿ. ನಿಮ್ಮ ಡಿರೇಲರನ್ನು 5 ಮಿ.ಮೀ. ಅಲೆನ್ ಕೀಯಿಂದ ಬಿಚ್ಚಿ ಪಕ್ಕಕ್ಕೆ ಕಟ್ಟಿ. ಎರವಲು ಚಕ್ರದ, ಕ್ಯಾಸೆಟ್ ಇಲ್ಲದ ಬದಿಯ ಆಕ್ಸಲ್ ತುದಿಯನ್ನು ಹ್ಯಾಂಗರ್‌ಗೆ ಕೈಯಲ್ಲೇ ತಿರುಗಿಸಿ ಹಾಕಿ. ಬಲವಂತ ಬೇಡ. ಥ್ರೆಡ್ ನೇರವಾಗಿ ಹಿಡಿದರೆ ಸಲೀಸಾಗಿ ಒಳಗೆ ಹೋಗುತ್ತದೆ. ಹೋಗದಿದ್ದರೆ ಅಲ್ಲಿಗೇ ನಿಲ್ಲಿಸಿ, ಆ ಚಕ್ರದ ಥ್ರೆಡ್ ಬೇರೆ ಇರಬಹುದು.

ಈಗ ಎರಡು ಚಕ್ರಗಳು ಅಕ್ಕಪಕ್ಕ ನಿಂತಿರುತ್ತವೆ. ಹ್ಯಾಂಗರ್ ನೇರ ಇದ್ದರೆ ಎರಡು ರಿಮ್‌ಗಳ ನಡುವಿನ ಅಂತರ ಮೇಲೆ ಕೆಳಗೆ, ಹಿಂದೆ ಮುಂದೆ ಒಂದೇ ಇರಬೇಕು. ಟೇಪ್ ಹಿಡಿದು ಅಳೆಯಿರಿ. ಕೆಳಗೆ ಕಡಿಮೆ ಇದ್ದರೆ ಎರವಲು ಚಕ್ರವನ್ನೇ ಹಿಡಿದು ಕೆಳಭಾಗವನ್ನು ಹೊರಕ್ಕೆ ಎಳೆಯಿರಿ. ತುಂಬಾ ಮೆಲ್ಲಗೆ. ದೊಡ್ಡ ಚಕ್ರ ಎಂದರೆ ದೊಡ್ಡ ಸನ್ನೆ, ಸ್ವಲ್ಪ ಒತ್ತಿದರೂ ಜಾಸ್ತಿ ಬಾಗುತ್ತದೆ. ಒತ್ತಿ, ಬಿಟ್ಟು, ಅಳೆಯಿರಿ. ಮತ್ತೆ ಒತ್ತಿ, ಬಿಟ್ಟು, ಅಳೆಯಿರಿ. ಹಿಂದಕ್ಕೂ ಮುಂದಕ್ಕೂ ಮತ್ತೆ ಮತ್ತೆ ಬಗ್ಗಿಸಿದರೆ ಅಲ್ಯುಮಿನಿಯಂ ಬಿರುಕು ಬಿಡುತ್ತದೆ. ಕೆಲಸ ಮುಗಿದ ಮೇಲೆ ತೂತಿನ ಸುತ್ತ ಬಟ್ಟೆಯಿಂದ ಒರೆಸಿ, ಬೆಳಕಿನಲ್ಲಿ ಬಿರುಕು ಇದೆಯಾ ನೋಡಿ. ಕೂದಲೆಳೆಯಷ್ಟು ಕಂಡರೂ ಆ ಹ್ಯಾಂಗರ್ ಮತ್ತೆ ಬಳಸಬೇಡಿ.

ನೇರವಾದರೂ ಒಂದು ಹೊಸ ಹ್ಯಾಂಗರ್ ತರಿಸಿ ಇಟ್ಟುಕೊಳ್ಳಿ. ಒಂದು ಫ್ರೇಮಿನದು ಇನ್ನೊಂದಕ್ಕೆ ಆಗುವುದಿಲ್ಲ, ಆಕಾರಗಳು ನೂರಾರು. 2019ರಲ್ಲಿ ಸ್ರ್ಯಾಮ್ ಕಂಪನಿ ಎಲ್ಲ ಫ್ರೇಮಿಗೂ ಒಂದೇ ನಮೂನೆ ಇರಲಿ ಎಂದು ಯುಡಿಎಚ್ ಎಂಬ ಹ್ಯಾಂಗರ್ ತಂದಿತು. ಆದರೆ ಅದು ಥ್ರೂ ಆಕ್ಸಲ್ (ಕ್ವಿಕ್ ರಿಲೀಸ್ ಬದಲಿಗೆ ಹಬ್ ಮೂಲಕ ತೂರಿಸಿ ಬಿಗಿಯುವ ದಪ್ಪ ಆಕ್ಸಲ್) ಇರುವ, ಅದಕ್ಕೆಂದೇ ಮಾಡಿದ ಫ್ರೇಮ್‌ಗಳಿಗೆ ಮಾತ್ರ. ನಿಮ್ಮದಕ್ಕೆ ನಿಮ್ಮ ಫ್ರೇಮಿನದೇ ಬೇಕು. ಹಳೆಯದನ್ನು ಬಿಚ್ಚಿ, ಬೋಲ್ಟ್ ತೂತುಗಳ ಅಂತರ ಅಳೆದು, ಎರಡೂ ಬದಿಯ ಫೋಟೋ ಕಳಿಸಿ ಕೇಳಿದರೆ ತಪ್ಪು ಮಾಲು ಬರುವುದು ಕಡಿಮೆ.

ಪೆಡಲ್ ಪಯಣ, ವಿಜಯಪುರ

ನಡುವೆ ಬಂದಿದ್ದಕ್ಕೆ ಕ್ಷಮಿಸಿ, ನನ್ನದೂ ಹಿಂದಿನ ಗೇರಿನದೇ ಪ್ರಶ್ನೆ. ಮುಂದೆ 3, ಹಿಂದೆ 7 ಗೇರಿನ ಸೈಕಲ್. ನಮ್ಮ ಕಡೆ ಮಳೆ ಇಲ್ಲ, ಕೆಸರಿಲ್ಲ, ಬರೀ ಧೂಳು. ಗೇರ್ ಬದಲಿಸುವುದರಲ್ಲಿ ತೊಂದರೆ ಇಲ್ಲ. ಎದ್ದು ನಿಂತು ಜೋರಾಗಿ ತುಳಿದರೆ ಮಾತ್ರ ಚೈನ್ ಟಕ್ ಎಂದು ಹಾರುತ್ತದೆ. ಬ್ಯಾರೆಲ್ ಎಷ್ಟು ತಿರುಗಿಸಿದರೂ ಅಷ್ಟೇ.

ತುರಹಳ್ಳಿ ಟ್ರೈಲ್, ಬೆಂಗಳೂರು

ಪೆಡಲ್ ಪಯಣ ಅವರೇ, ಶಿಫ್ಟರ್ ಮುಟ್ಟದೆಯೇ ಬಲ ಹಾಕಿದಾಗ ಹಾರುತ್ತದೆ ಎಂದರೆ ಅದು ಸವೆತದ ವಿಷಯ. ಯಾವ ಸ್ಪ್ರಾಕೆಟ್‌ನಲ್ಲಿ ಹಾರುತ್ತದೆ ನೋಡಿ. ನೀವು ದಿನಾ ಬಳಸುವ ಒಂದೆರಡರಲ್ಲಿ ಮಾತ್ರ ಹಾರಿದರೆ ಅವುಗಳ ಹಲ್ಲು ಸವೆದಿದೆ. ಎಲ್ಲದರಲ್ಲೂ ಪೆಡಲ್ ಒಮ್ಮೆಲೇ ಖಾಲಿ ಹೋದಂತೆ ಆದರೆ ಫ್ರೀವೀಲ್ (ನಿಮ್ಮ ಸೈಕಲ್ಲಿನಲ್ಲಿ ಹಿಂದಿನ ಸ್ಪ್ರಾಕೆಟ್‌ಗಳ ಜೊತೆಗೇ ಇರುವ ಭಾಗ) ಒಳಗಿನ ಪಾಲ್‌ಗಳು, ಅಂದರೆ ಹಲ್ಲಿಗೆ ಸಿಕ್ಕುವ ಸಣ್ಣ ಕೊಕ್ಕೆಗಳು, ಹಿಡಿಯುತ್ತಿಲ್ಲ. ಪೆಡಲ್ ಮೂರು ನಾಲ್ಕು ಸುತ್ತಿಗೊಮ್ಮೆ ತಾಳ ಹಾಕಿದ ಹಾಗೆ ಹಾರಿದರೆ ಚೈನಿನ ಒಂದು ಕೊಂಡಿ ಬಿಗಿಯಾಗಿದೆ. ಚೈನನ್ನು ನಿಧಾನವಾಗಿ ಹಿಂದಕ್ಕೆ ತಿರುಗಿಸುತ್ತಾ ಕೆಳಗಿನ ಪುಲ್ಲಿಯನ್ನೇ ನೋಡುತ್ತಿರಿ. ಬಿಗಿ ಕೊಂಡಿ ಅಲ್ಲಿ ಮಡಿಸಿಕೊಳ್ಳದೆ ಜಿಗಿಯುತ್ತದೆ. ಸಿಕ್ಕಿದರೆ ಆ ಜಾಗವನ್ನು ಎರಡೂ ಕೈಯಲ್ಲಿ ಹಿಡಿದು ಅಡ್ಡಕ್ಕೆ ಸ್ವಲ್ಪ ಬಾಗಿಸಿ, ಒಂದು ಹನಿ ಎಣ್ಣೆ ಬಿಡಿ.

ಸವೆತ ಅಳೆಯಲು ಉಕ್ಕಿನ ಟೇಪ್ ಸಾಕು. ಚೈನಿನ ಪ್ರತಿ ಪಿನ್ನಿನಿಂದ ಪಿನ್ನಿಗೆ ಅರ್ಧ ಇಂಚು. ಹೊಸ ಚೈನಿನಲ್ಲಿ 24 ಪಿನ್ ದಾಟಿದರೆ ಸರಿಯಾಗಿ 12 ಇಂಚು, ಅಂದರೆ 304.8 ಮಿ.ಮೀ. ಪಿನ್ನಿನ ಒಂದೇ ಅಂಚಿನಿಂದ ಅಳೆಯಬೇಕು. ಅದು 12 ಇಂಚಿಗಿಂತ ಹದಿನಾರನೇ ಒಂದು ಇಂಚು ಜಾಸ್ತಿಯಾಗಿದ್ದರೆ ಚೈನ್ ಬದಲಿಸಿ. ಎಂಟನೇ ಒಂದು ಇಂಚು ಜಾಸ್ತಿಯಾಗಿದ್ದರೆ ಚೈನ್ ಜೊತೆ ಫ್ರೀವೀಲ್ ಕೂಡ. ಹಳೇ ಹಲ್ಲಿನ ಮೇಲೆ ಹೊಸ ಚೈನ್ ಹಾಕಿದರೆ ಹಾರುವುದು ಇನ್ನೂ ಜಾಸ್ತಿಯಾಗುತ್ತದೆ. ವಿಜಯಪುರದ ಧೂಳಿನಲ್ಲಿ ಎಣ್ಣೆ ಹಚ್ಚಿದ ಮೇಲೆ ಚೈನಿನ ಹೊರಮೈಯನ್ನು ಒಣಬಟ್ಟೆಯಿಂದ ಒರೆಸಲೇಬೇಕು. ಎಣ್ಣೆ ಬೇಕಾಗಿರುವುದು ಒಳಗಿನ ರೋಲರ್‌ಗೆ. ಹೊರಗೆ ಉಳಿದರೆ ಧೂಳು ಹಿಡಿದು ಅರ ತಿಕ್ಕಿದ ಹಾಗೆ ಸವೆಸುತ್ತದೆ.

ಶರಾವತಿ ಸವಾರ, ಸಾಗರ

ಪಕ್ಕದ ಮನೆ ಹುಡುಗನ ಸೈಕಲ್ ಚಕ್ರ ತಂದು ಹ್ಯಾಂಗರ್ ನೋಡಿದೆ. ಆಕ್ಸಲ್ ಸಲೀಸಾಗಿ ಒಳಗೆ ಹೋಯಿತು. ರಿಮ್‌ಗಳ ಅಂತರದಲ್ಲಿ ಮೇಲಕ್ಕೂ ಕೆಳಕ್ಕೂ ಎರಡು ಬೆರಳಗಲ ವ್ಯತ್ಯಾಸ! ನಿಧಾನವಾಗಿ ಒತ್ತಿ ಒತ್ತಿ ಈಗ 3 ಮಿ.ಮೀ.ಗೆ ತಂದಿದ್ದೇನೆ. ಬಿರುಕು ಇಲ್ಲ. ಹೊಸ ಹ್ಯಾಂಗರ್ ಕೂಡ ತರಿಸುತ್ತಿದ್ದೇನೆ.

ಇನ್ನು ಔಟರ್. ಇಲ್ಲಿ ಸಿಗುವುದು ಬ್ರೇಕ್ ಔಟರ್ ಮಾತ್ರ. ಎರಡೂ ಒಂದೇ, ಹಾಕಿಕೊಳ್ಳಿ ಎಂದರು. ಸರಿಯೇ? ಹಳೆಯದಕ್ಕೆ ಕೊಬ್ಬರಿ ಎಣ್ಣೆ ಬಿಟ್ಟರೆ ಸಾಕು ಎಂದೂ ಒಬ್ಬರು ಹೇಳಿದರು.

ಕೆಂಪುಮಣ್ಣು, ಸಕಲೇಶಪುರ

ಎರಡೂ ಬೇಡ, ದಯವಿಟ್ಟು.

ಬ್ರೇಕ್ ಔಟರ್ ಒಳಗೆ ಉಕ್ಕಿನ ಪಟ್ಟಿ ಸುರುಳಿಯಾಗಿ ಸುತ್ತಿರುತ್ತದೆ. ಹ್ಯಾಂಡಲ್ ತಿರುಗಿಸಿದಾಗ, ಎಳೆತ ಬಿದ್ದಾಗ ಅದರ ಉದ್ದ ಸ್ವಲ್ಪ ಬದಲಾಗುತ್ತದೆ. ಬ್ರೇಕಿಗೆ ಅದು ಲೆಕ್ಕಕ್ಕೇ ಬರುವುದಿಲ್ಲ, ಗೇರಿಗೆ ಬರುತ್ತದೆ. ಗೇರ್ ಔಟರ್‌ನಲ್ಲಿ ಸಣ್ಣ ಉಕ್ಕಿನ ಎಳೆಗಳು ಉದ್ದಕ್ಕೆ ಓಡಿರುತ್ತವೆ, ಆದ್ದರಿಂದ ಉದ್ದ ಬದಲಾಗುವುದಿಲ್ಲ. ಗೇರಿನದು ಸಾಮಾನ್ಯವಾಗಿ 4 ಮಿ.ಮೀ. ದಪ್ಪ, ಬ್ರೇಕಿನದು 5. ಕತ್ತರಿಸಿದ ತುದಿ ನೋಡಿದರೂ ಗೊತ್ತಾಗುತ್ತದೆ. ಗೇರಿನದರಲ್ಲಿ ವೃತ್ತಾಕಾರವಾಗಿ ಚುಕ್ಕಿ ಚುಕ್ಕಿ ಎಳೆ ಕಾಣುತ್ತವೆ. ಇದರ ಉಲ್ಟಾ ಇನ್ನೂ ಅಪಾಯ, ಎಲ್ಲರೂ ನೆನಪಿಡಿ. ಗೇರ್ ಔಟರನ್ನು ಬ್ರೇಕಿಗೆ ಎಂದೂ ಹಾಕಬಾರದು. ಜೋರಾಗಿ ಬ್ರೇಕ್ ಹಿಡಿದಾಗ ಎಳೆಗಳು ಸೀಳಿ ಹೊರಬರಬಹುದು, ಬ್ರೇಕ್ ಇಲ್ಲದಂತಾಗುತ್ತದೆ.

ಕೊಬ್ಬರಿ ಎಣ್ಣೆ ಬೇಸಿಗೆಯಲ್ಲಿ ಚೆನ್ನಾಗಿಯೇ ಇರುತ್ತದೆ. ಸುಮಾರು 24 ಡಿಗ್ರಿಗಿಂತ ಕೆಳಗೆ ಹೋದರೆ ಗಟ್ಟಿಯಾಗುತ್ತದೆ. ನಿಮ್ಮ ಸಾಗರದಲ್ಲಿ, ನಮ್ಮ ಸಕಲೇಶಪುರದಲ್ಲಿ ಮಾಗಿಯ ಬೆಳಗ್ಗೆ ಶೀಷೆಯಲ್ಲೇ ಹೆಪ್ಪುಗಟ್ಟಿರುತ್ತದೆ. ಔಟರ್ ಒಳಗೂ ಅದೇ ಆಗುತ್ತದೆ. ಬಳಸಿದ ಎಂಜಿನ್ ಆಯಿಲ್ ಹಾಕುವವರನ್ನೂ ಕಂಡಿದ್ದೇನೆ, ಅದರಲ್ಲಿ ಲೋಹದ ಪುಡಿ ಇರುತ್ತದೆ. ಗೇರ್ ಔಟರ್ ಒಳಗೆ ಪ್ಲಾಸ್ಟಿಕ್ ಲೈನರ್ ಇದೆ. ಅದು ಶುಚಿಯಾಗಿದ್ದರೆ ವೈರ್ ತಾನಾಗಿ ಜಾರುತ್ತದೆ. ಒಳ್ಳೆಯ ಔಟರ್ ಒಳಗೆ ಕಾರ್ಖಾನೆಯಲ್ಲೇ ಸ್ವಲ್ಪ ಗ್ರೀಸ್ ಹಾಕಿರುತ್ತಾರೆ, ಅಷ್ಟು ಸಾಕು.

ಶಿವಮೊಗ್ಗದಿಂದಲೋ ಆನ್‌ಲೈನ್‌ನಲ್ಲೋ ಗೇರ್ ಔಟರ್ ತರಿಸಿ. ಎಲ್ಲ ತುಂಡುಗಳನ್ನೂ ಬದಲಿಸಿ, ಕೊನೆಯದನ್ನು ಮಾತ್ರ ಅಲ್ಲ. ಮಾಮೂಲಿ ಇಕ್ಕಳದಲ್ಲಿ ಕತ್ತರಿಸಿದರೆ ತುದಿ ಚಪ್ಪಟೆಯಾಗುತ್ತದೆ. ಕೇಬಲ್ ಕಟರ್ ಬೇಕು. ಕತ್ತರಿಸಿದ ಮೇಲೆ ತುದಿಯನ್ನು ಅರದಿಂದ ಸಮ ಮಾಡಿ. ಮುಚ್ಚಿಕೊಂಡ ಲೈನರನ್ನು ದಬ್ಬಳದ ಮೊನೆಯಿಂದ ಬಿಡಿಸಿ, ಆಮೇಲೆ ತುದಿಗೆ ಕ್ಯಾಪ್ ಹಾಕಿ. ದಬ್ಬಳದ ಕೆಲಸ ಬಿಟ್ಟುಬಿಡಬೇಡಿ. ಹೊಸ ಔಟರ್ ಹಾಕಿಯೂ ಗೇರ್ ಬಿಗಿ ಎನ್ನುವ ಎಷ್ಟೋ ಸೈಕಲ್‌ಗಳಲ್ಲಿ ಇದೊಂದೇ ತಪ್ಪಿರುತ್ತದೆ. ಕೊನೆಯ ತುಂಡಿನ ಉದ್ದ ಹಳೆಯದರಷ್ಟೇ ಇರಲಿ. ತೀರ ಚಿಕ್ಕದಾದರೆ ಡಿರೇಲರ್ ಹತ್ತಿರ ಮುರಿದಂತೆ ಬಾಗುತ್ತದೆ. ತೀರ ಉದ್ದವಾದರೆ ಕೊಂಬೆಗೆ ಸಿಕ್ಕುತ್ತದೆ.

ಹಳೇಚೈನ್, ಮೈಸೂರು

ಅಕ್ಕ ಹೇಳಿದ್ದರಲ್ಲಿ ಸೇರಿಸಲು ಏನೂ ಇಲ್ಲ. ಔಟರ್ ಬಂದ ಮೇಲೆ ಮಾಡಬೇಕಾದ ಅಡ್ಜಸ್ಟ್‌ಮೆಂಟ್ ಬರೆಯುತ್ತೇನೆ. ಸ್ಕ್ರೂಗಳು ತಾವಾಗಿ ತಿರುಗುವುದು ತುಂಬಾ ಅಪರೂಪ. ಮೊದಲು ಸರಿ ಇದ್ದ ಗೇರ್ ಕೆಟ್ಟರೆ ಸ್ಕ್ರೂಗೆ ಕೈ ಹಾಕುವ ಮೊದಲು ಕೇಬಲ್ಲು, ಹ್ಯಾಂಗರ್ರು, ಚೈನ್ ನೋಡಬೇಕು. ನಿಮ್ಮ ಸೈಕಲ್ಲಿನಲ್ಲಿ ಅಂಗಡಿಯವರು ಬಾಗಿದ ಹ್ಯಾಂಗರ್‌ಗೆ ಹೊಂದುವಂತೆ ಸ್ಕ್ರೂ ತಿರುಗಿಸಿದ್ದಾರೆ. ಆದ್ದರಿಂದ ಈಗ ಎಲ್ಲವನ್ನೂ ಹೊಸದಾಗಿ ಕೂರಿಸಬೇಕು.

ಕೇಬಲ್ ಕಟ್ಟುವ ಮುಂಚೆಯೇ ಎಚ್ ಎಂದು ಬರೆದಿರುವ ಸ್ಕ್ರೂ ಸರಿ ಮಾಡಿ. ಅದು ಚಿಕ್ಕ ಸ್ಪ್ರಾಕೆಟ್ ಕಡೆಯ ಎಲ್ಲೆ. ಹಿಂದಿನಿಂದ ನೋಡಿದಾಗ ಮೇಲಿನ ಪುಲ್ಲಿ ಅತಿ ಚಿಕ್ಕ ಸ್ಪ್ರಾಕೆಟ್‌ನ ಹೊರ ಅಂಚಿನ ನೇರಕ್ಕೆ ಬರಬೇಕು. ಆಮೇಲೆ ಪೆಡಲ್ ತಿರುಗಿಸುತ್ತಾ ಡಿರೇಲರನ್ನು ಕೈಯಿಂದ ಒಳಕ್ಕೆ ತಳ್ಳಿ, ಅತಿ ದೊಡ್ಡ ಸ್ಪ್ರಾಕೆಟ್‌ವರೆಗೆ ತನ್ನಿ. ಪುಲ್ಲಿ ಅದರ ನೇರ ಕೆಳಗೆ ನಿಲ್ಲುವಂತೆ ಎಲ್ ಸ್ಕ್ರೂ ಕೂರಿಸಿ. ಎಷ್ಟು ಜೋರಾಗಿ ತಳ್ಳಿದರೂ ಸ್ಪೋಕ್ ಕಡೆಗೆ ದಾಟಬಾರದು. ಚೈನ್ ಬಿದ್ದಿದ್ದು ಇದೇ ಸ್ಕ್ರೂ ಸಡಿಲ ಇದ್ದದ್ದರಿಂದ. ಇದನ್ನು ಅವಸರದಲ್ಲಿ ಮಾಡಬೇಡಿ.

ಈಗ ಶಿಫ್ಟರನ್ನು ಅತಿ ಚಿಕ್ಕ ಗೇರಿಗೆ ತಂದು, ಬ್ಯಾರೆಲ್ ಪೂರ್ತಿ ಒಳಗೆ ತಿರುಗಿಸಿ, ಒಂದು ಸುತ್ತು ಹೊರಗೆ ತನ್ನಿ. ವೈರನ್ನು ಕೈಯಲ್ಲಿ ಬಿಗಿಯಾಗಿ ಎಳೆದು ಬೋಲ್ಟ್ ಕಟ್ಟಿ. ಬೋಲ್ಟ್ ಪಕ್ಕ ವೈರ್‌ಗೆಂದೇ ಒಂದು ತೋಡು ಕೊರೆದಿರುತ್ತದೆ, ವೈರ್ ಅದರಲ್ಲೇ ಕೂರಬೇಕು. ಬೋಲ್ಟಿನ ಇನ್ನೊಂದು ಬದಿಗೆ ಹಾಕಿದರೆ ಎಳೆತದ ಅಳತೆಯೇ ಬದಲಾಗಿ ಯಾವ ಗೇರೂ ಸರಿ ಕೂರುವುದಿಲ್ಲ.

ಒಂದು ಕ್ಲಿಕ್ ಮಾಡಿ ಎರಡನೇ ಚಿಕ್ಕ ಸ್ಪ್ರಾಕೆಟ್‌ಗೆ ತನ್ನಿ. ಹತ್ತದಿದ್ದರೆ ಬ್ಯಾರೆಲನ್ನು ಗಡಿಯಾರದ ಉಲ್ಟಾ ದಿಕ್ಕಿಗೆ ಸ್ವಲ್ಪ ಸ್ವಲ್ಪ ತಿರುಗಿಸಿ, ಹತ್ತುತ್ತದೆ. ಅಲ್ಲಿಗೆ ಬಂದ ಮೇಲೂ ಹಾಗೇ ತಿರುಗಿಸುತ್ತಾ ಹೋಗಿ. ಚೈನ್ ಪಕ್ಕದ ಮೂರನೆಯದಕ್ಕೆ ಉಜ್ಜಿ ಸದ್ದು ಮಾಡುತ್ತದೆ. ಈಗ ಗಡಿಯಾರದ ದಿಕ್ಕಿಗೆ ತಿರುಗಿಸುತ್ತಾ ಬನ್ನಿ. ಸದ್ದು ನಿಂತ ಕಡೆ ನಿಲ್ಲಿಸಿ. ಶಿಮಾನೊ ಹೇಳುವ ಕ್ರಮ ಇದೇ.

ಕೊನೆಗೆ ಬಿ ಸ್ಕ್ರೂ, ಅಂದರೆ ಪುಲ್ಲಿಗೂ ಸ್ಪ್ರಾಕೆಟ್‌ಗೂ ನಡುವಿನ ಅಂತರ ಹೊಂದಿಸುವ ಸ್ಕ್ರೂ. ಚೈನ್ ಅತಿ ದೊಡ್ಡ ಸ್ಪ್ರಾಕೆಟ್‌ನಲ್ಲಿ ಇರುವಾಗ ಅದರ ಹಲ್ಲಿಗೂ ಮೇಲಿನ ಪುಲ್ಲಿಗೂ ನಡುವೆ 5-6 ಮಿ.ಮೀ. ಇರಲಿ. 5ರ ಅಲೆನ್ ಕೀ ತೂರಿಸಿ ನೋಡಿದರೆ ಅಳತೆ ಸಿಗುತ್ತದೆ. ಅಂತರ ಜಾಸ್ತಿ ಇದ್ದರೆ ಗೇರ್ ಸೋಮಾರಿಯಾಗುತ್ತದೆ, ಕಡಿಮೆ ಇದ್ದರೆ ಹಲ್ಲಿಗೆ ಹಲ್ಲು ತಾಗಿ ಗುರುಗುಟ್ಟುತ್ತದೆ. ಇದು ನಿಮ್ಮ 9 ಗೇರಿನ ಲೆಕ್ಕ. 12 ಗೇರಿನ ಹೊಸ ಡಿರೇಲರ್‌ಗಳಿಗೆ ಬೇರೆ ಅಳತೆ, ಬೇರೆ ಗೇಜ್ ಇದೆ.

ನನ್ನ ವಯಸ್ಸಿನವರಿಗೆ ಕ್ಲಿಕ್ ಇಲ್ಲದ ಶಿಫ್ಟರ್‌ಗಳೂ ಗೊತ್ತು. ಲಿವರ್ ಎಷ್ಟು ಸರಿಸಬೇಕು ಎಂಬುದನ್ನು ಕಿವಿಯಿಂದ ಕೇಳಿ ತೀರ್ಮಾನಿಸುತ್ತಿದ್ದೆವು. 1984ರಲ್ಲಿ ಶಿಮಾನೊ ರಸ್ತೆ ಸೈಕಲ್‌ಗಳಿಗೆ ಕ್ಲಿಕ್ ವ್ಯವಸ್ಥೆ ತಂದಿತು, ಆಮೇಲೆ ಮೌಂಟೇನ್ ಬೈಕ್‌ಗೂ ಬಂತು. ಕ್ಲಿಕ್ ಬಂದ ಮೇಲೆ ಸವಾರನಿಗೆ ಸುಲಭವಾಯಿತು. ಆದರೆ ಹ್ಯಾಂಗರ್ ಬಾಗಿದ್ದರೆ, ವೈರ್ ಬಿಗಿಯಾಗಿದ್ದರೆ ಸರಿದೂಗಿಸಿಕೊಳ್ಳಲು ಅಲ್ಲಿ ಅವಕಾಶವೇ ಇಲ್ಲ. ಕ್ಲಿಕ್ ಎಳೆಯುವುದು ಒಂದೇ ಅಳತೆ.

ತುರಹಳ್ಳಿ ಟ್ರೈಲ್, ಬೆಂಗಳೂರು

ಯಾರಾದರೂ ನಿಮಗೆ 10 ಗೇರಿನ ಹೊಸ ಡಿರೇಲರ್ ಹಾಕಿಕೊಳ್ಳಿ ಎಂದರೆ ಒಪ್ಪಬೇಡಿ. ಶಿಮಾನೊದ 10 ಗೇರಿನ ಮೌಂಟೇನ್ ಡಿರೇಲರ್‌ಗೆ ಬೇಕಾದ ಕೇಬಲ್ ಎಳೆತವೇ ಬೇರೆ. 9ರ ಶಿಫ್ಟರ್ ಜೊತೆ ಹೊಂದುವುದಿಲ್ಲ. ನೋಡಲು ಒಂದೇ ಥರ ಇರುತ್ತವೆ, ಬೋಲ್ಟ್ ಕೂಡ ಕೂರುತ್ತದೆ, ಗೇರ್ ಮಾತ್ರ ಕೂರುವುದಿಲ್ಲ.

ಪುಲ್ಲಿ ಬಿಚ್ಚಿ ತೊಳೆಯುವವರಿಗೂ ಒಂದು ಮಾತು. ಶಿಮಾನೊದ ಇಂಥ ಡಿರೇಲರ್‌ಗಳಲ್ಲಿ ಮೇಲಿನ ಪುಲ್ಲಿ ಅಡ್ಡಕ್ಕೆ ಸ್ವಲ್ಪ ಅಲ್ಲಾಡುವಂತೆ ಬೇಕೆಂದೇ ಮಾಡಿರುತ್ತಾರೆ, ಕೆಳಗಿನದರಲ್ಲಿ ಅದು ಇರುವುದಿಲ್ಲ. ಅದಲು ಬದಲು ಹಾಕಬೇಡಿ.

ಶರಾವತಿ ಸವಾರ, ಸಾಗರ

ಔಟರ್ ಬಂತು, ಎಲ್ಲ ತುಂಡೂ ಬದಲಿಸಿದೆ. ದಬ್ಬಳ ಅಮ್ಮನ ಹತ್ತಿರ ಸಿಕ್ಕಿತು. ಹಳೇಚೈನ್ ಸರ್ ಬರೆದ ಕ್ರಮದಲ್ಲೇ ಮಾಡಿದೆ. ಒಂಬತ್ತೂ ಗೇರ್ ಹತ್ತುವಾಗಲೂ ಇಳಿಯುವಾಗಲೂ ಒಂದೇ ಕ್ಲಿಕ್ಕಿಗೆ ಕೂರುತ್ತಿವೆ. ಎಲ್ ಸ್ಕ್ರೂ ಕೂರಿಸಿದ ಮೇಲೆ ಕೈಯಿಂದ ಎಷ್ಟು ತಳ್ಳಿದರೂ ಚೈನ್ ದಾಟುತ್ತಿಲ್ಲ. ಕೆಸರಿನ ಏರಿನಲ್ಲಿ ದೊಡ್ಡ ಸ್ಪ್ರಾಕೆಟ್ ಹಾಕಿಯೂ ನೋಡಿದೆ. ಎಲ್ಲರಿಗೂ ತುಂಬಾ ತುಂಬಾ ಧನ್ಯವಾದ.

ಒಂದೇ ಒಂದು ಉಳಿದಿದೆ. ಚಳಿ ಇರುವ ಬೆಳಗ್ಗೆ ಮಾತ್ರ ಶಿಫ್ಟರ್‌ನ ದೊಡ್ಡ ಲಿವರ್ ಒಂದೆರಡು ಸಲ ಖಾಲಿ ಹೋಗುತ್ತದೆ, ಕ್ಲಿಕ್ಕೇ ಬರುವುದಿಲ್ಲ. ಬಿಸಿಲು ಏರಿದ ಮೇಲೆ ಸರಿ.

ಕೆಂಪುಮಣ್ಣು, ಸಕಲೇಶಪುರ

ಅದು ಶಿಫ್ಟರ್ ಒಳಗಿನ ಹಳೇ ಗ್ರೀಸ್. ವರ್ಷಗಳು ಕಳೆದಂತೆ ಅಂಟಾಗುತ್ತದೆ, ಚಳಿಯಲ್ಲಿ ಇನ್ನೂ ಗಟ್ಟಿ. ಒಳಗಿನ ಸಣ್ಣ ಪಾಲ್ ಅದರಲ್ಲಿ ಸಿಕ್ಕಿಕೊಂಡು ಹಲ್ಲಿಗೆ ಬೀಳುವುದಿಲ್ಲ. ಶಿಫ್ಟರನ್ನು ಪೂರ್ತಿ ಬಿಚ್ಚಬೇಡಿ, ಸ್ಪ್ರಿಂಗ್‌ಗಳು ಹಾರಿದರೆ ಮತ್ತೆ ಕೂರಿಸುವುದು ಬಹಳ ಕಷ್ಟ. ಮೇಲಿನ ಮುಚ್ಚಳ ಮಾತ್ರ ತೆಗೆದು, ತೆಳು ಪೈಪ್ ಇರುವ ತುಕ್ಕು ಬಿಡಿಸುವ ಸ್ಪ್ರೇ ಒಳಗೆ ಹೊಡೆಯಿರಿ. ಎರಡೂ ಲಿವರ್‌ಗಳನ್ನು ಸತತವಾಗಿ ಒತ್ತುತ್ತಾ ಇರಿ. ಕಂದು ರಸ ಇಳಿಯುತ್ತದೆ. ಅದು ತಿಳಿಯಾಗುವವರೆಗೆ ಮಾಡಿ, ಒಣಗಲು ಬಿಟ್ಟು, ಹೊಲಿಗೆ ಯಂತ್ರದ ಎಣ್ಣೆ ಕೆಲವು ಹನಿ ಬಿಡಿ. ಸ್ಪ್ರೇ ಹೊಡೆಯುವಾಗ ಡಿಸ್ಕ್ ಬ್ರೇಕ್ ಇದ್ದರೆ ರೋಟರ್ ಮೇಲೆ ಬಟ್ಟೆ ಮುಚ್ಚಿರಿ. ಸೈಕಲ್ ತೊಳೆಯುವಾಗ ಜೋರು ನೀರಿನ ಪೈಪನ್ನು ಶಿಫ್ಟರ್‌ಗೆ, ಹಬ್‌ಗೆ ನೇರ ಹಿಡಿಯಬೇಡಿ.

ಪೆಡಲ್ ಪಯಣ, ವಿಜಯಪುರ

ಟೇಪ್ ಹಿಡಿದು ಅಳೆದೆ. 24 ಪಿನ್ನಿಗೆ 12 ಇಂಚು, ಮೇಲೆ ಎಂಟನೇ ಒಂದು ಇಂಚಿಗಿಂತ ಸ್ವಲ್ಪ ಜಾಸ್ತಿಯೇ ಇದೆ. ಹಾರುವುದು ನಡುವಿನ ಎರಡು ಸ್ಪ್ರಾಕೆಟ್‌ನಲ್ಲಿ ಮಾತ್ರ. ಹಾಗಾದರೆ ಚೈನ್, ಫ್ರೀವೀಲ್ ಎರಡೂ ತರಬೇಕು. 7 ಗೇರಿಗೆ ಎಂದು ಕೇಳಿದರೆ ಅಂಗಡಿಯಲ್ಲಿ 8 ಗೇರಿನ ಚೈನ್ ಕೊಡುತ್ತಿದ್ದಾರೆ, ನಡೆಯುತ್ತದಾ?

ತುರಹಳ್ಳಿ ಟ್ರೈಲ್, ಬೆಂಗಳೂರು

ನಡೆಯುತ್ತದೆ, 6, 7, 8 ಗೇರಿಗೆ ಒಂದೇ ಚೈನ್. 9ರದು ಅದಕ್ಕಿಂತ ತೆಳು, ಅದು ಬೇಡ. ಹಳೇ ಚೈನಿನ ಕೊಂಡಿ ಎಣಿಸಿ, ಹೊಸದನ್ನೂ ಅಷ್ಟಕ್ಕೇ ಕತ್ತರಿಸಿ. ಪಕ್ಕಕ್ಕೆ ಇಟ್ಟು ಉದ್ದ ಹೋಲಿಸಬೇಡಿ, ಸವೆದ ಚೈನ್ ಉದ್ದವಾಗಿರುತ್ತದೆ. ಹಳೇ ಫ್ರೀವೀಲ್ ಬಿಚ್ಚಲು ಅದರ ಒಳಗಿನ ತೋಡುಗಳಿಗೆ ಹೊಂದುವ ಟೂಲ್ ಬೇಕು. ಚಕ್ರ ಬಿಚ್ಚಿ ಅಂಗಡಿಗೇ ತೆಗೆದುಕೊಂಡು ಹೋಗಿ, ಅಲ್ಲೇ ತೆಗೆಸಿಕೊಂಡು ಬನ್ನಿ.